ಸಂಜೀವಯ್ಯನ ಕೆಂಬೇರಿ

ಶಿರಾದಿಂದ ಪಾವಗಡಕ್ಕೆ ಹೋಗುವ ಮೋಟಾರಿಗೆ ಮದಲೂರಿನ ಸಂಜೀವಯ್ಯ ಡ್ರೈವರ್. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಆಗಿನ ಮೋಟಾರುಗಳಿಗೆ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಿದರೇ ಎಂಜಿನ್ ಏಳುತ್ತಿದ್ದದ್ದು. ಒಂದು ಬೆಳಿಗ್ಗೆ ಆ ಹ್ಯಾಂಡಲ್ ತಿರುಗಿ ಹೊಡೆದು ಅವನ ಬಲ ಮುಂಗೈ ಮುರಿಯಿತು. ಮೂಳೆಯೇನೋ ಕೂಡಿತು, ಆದರೆ ಸೊಟ್ಟಗೆ. ಬೆರಳು ಮಡಚುತ್ತಿದ್ದವು, ಹಿಡಿತವಿರಲಿಲ್ಲ. ನೀರಿನ ಚೊಂಬು ಎತ್ತಿದರೆ ಜಾರಿಹೋಗುತ್ತಿತ್ತು.

ಮೋಟಾರಿನ ಧಣಿ ಶಂಕರಲಿಂಗಪ್ಪ ಕೆಟ್ಟವನಲ್ಲ. "ಕೈ ನೆಟ್ಟಗಾಗ್ಲಿ, ಆಮೇಲೆ ನೋಡಾನ" ಎಂದು ಬೇರೊಬ್ಬನನ್ನು ಸ್ಟೇರಿಂಗಿಗೆ ಕೂರಿಸಿ, ಸಂಜೀವಯ್ಯನನ್ನು ಟಿಕೀಟು ಹರಿಯಲು ಹಾಕಿದ. ತನ್ನ ಮೋಟಾರಿನಲ್ಲೇ ಹಿಂದಿನ ಬಾಗಿಲಲ್ಲಿ ನಿಂತು ಹೋಗುವುದು ಸಂಜೀವಯ್ಯನಿಗೆ ದೊಡ್ಡ ಸಂಕಟವಾಯಿತು.

ಅವನಿಗಿದ್ದ ಇನ್ನೊಂದು ಗೀಳೆಂದರೆ ಗಾಳ. ಬಿಡುವಿದ್ದಾಗಲೆಲ್ಲ ಮದಲೂರು ಕೆರೆಯ ಏರಿಯ ಮೇಲೆ ಬಿದಿರಿನ ಕೋಲು ಹಿಡಿದು ಕೂರುತ್ತಿದ್ದ. ಕೋಲಿನ ಬುಡಕ್ಕೆ ದಾರ ಸುತ್ತುವ ಮರದ ರಾಟೆಯನ್ನು ತಾನೇ ಕೂರಿಸಿಕೊಂಡಿದ್ದ. ಹಿಡಿದ ಮೀನನ್ನು ಎಷ್ಟೋ ಸಲ ಯಾರಿಗಾದರೂ ಕೊಟ್ಟುಬಿಡುತ್ತಿದ್ದ. ಮೀನಿನೊಂದಿಗೆ ಎಳೆದಾಡುವುದೇ ಅವನಿಗೆ ಬೇಕಾಗಿದ್ದದ್ದು. ಕೈ ಮುರಿದ ಮೇಲೆ ಕೋಲು ಅಟ್ಟ ಸೇರಿತು.

ಅದನ್ನು ಕೆಳಗಿಳಿಸಿದವಳು ಹೆಂಡತಿ ಹನುಮಕ್ಕ. "ಎಡಗೈ ಏನಾಗೈತೆ? ಅದ್ರಾಗೆ ಬೀಸು" ಎಂದು ಕೋಲನ್ನು ಅವನ ಮುಂದೆ ಒರಗಿಸಿದಳು.

ಆ ವರ್ಷ ಕೆರೆಯಲ್ಲಿ ನೀರಿರಲಿಲ್ಲ. ಸಂಜೀವಯ್ಯ ದಾರದ ತುದಿಗೆ ಕಲ್ಲು ಕಟ್ಟಿಕೊಂಡು ಬರಿದಾದ ಕಣದಲ್ಲಿ ನಿಂತು, ದೂರದಲ್ಲಿಟ್ಟ ಮೊರದ ಕಡೆಗೆ ಎಡಗೈಯಲ್ಲಿ ಬೀಸತೊಡಗಿದ. ಮೊದಮೊದಲು ಕಲ್ಲು ಅವನ ಬೆನ್ನಿಗೇ ಬಂದು ಬಡಿಯಿತು. ಹೋಗಿಬರುವವರು ನಿಂತು, "ಮಣ್ಣಾಗೆ ಮೀನು ಬಿತ್ತಾ ಸಂಜೀವಣ್ಣ?" ಎಂದು ಕೇಳುತ್ತಿದ್ದರು. ಅವನು ದಾರ ಸುತ್ತಿಕೊಂಡು ಮತ್ತೆ ಬೀಸುತ್ತಿದ್ದ. ಮುಂಗಾರು ಹಿಡಿಯುವ ಹೊತ್ತಿಗೆ ಕಲ್ಲು ಮೊರಕ್ಕೆ ಬೀಳತೊಡಗಿತ್ತು.

ಶಿರಾದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಅಹಮದ್ ಷರೀಫ್ ಅವನ ಗೆಳೆಯ. ಷರೀಫನ ಚಿಕ್ಕಪ್ಪನ ಮಗ ಸಮುದ್ರದ ಕಡೆ, ಗಂಗೊಳ್ಳಿಯಲ್ಲಿ, ಕೊಡೆ ರಿಪೇರಿ ಅಂಗಡಿ ಇಟ್ಟಿದ್ದ. "ಮಳೆಗಾಲದಾಗೆ ಅಲ್ಲಿ ಸಮುದ್ರಕ್ಕೆ ದೋಣಿ ಇಳಿಸಲ್ಲ ಭಾಯಿ. ಆದ್ರೆ ಹೊಳೆ ಸಮುದ್ರ ಸೇರೋ ಕಡೆ ಬಂಡೆ ಮ್ಯಾಲೆ ಕುಂತು ಗಾಳ ಹಾಕ್ತಾರೆ. ಕೆಂಬೇರಿ ಅಂತ ಕೆಂಪು ಮೀನು, ಕುರಿಮರಿ ಅಷ್ಟಿರ್ತದೆ" ಎಂದ ಷರೀಫ್.

"ಓಗಾನ" ಎಂದ ಸಂಜೀವಯ್ಯ, ಒಂದೇ ಮಾತು.

ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ಬಸ್ಸು. ಆಗುಂಬೆಯ ಘಾಟಿಯಲ್ಲಿ ಮಳೆ ಎಷ್ಟಿತ್ತೆಂದರೆ ಡ್ರೈವರಿಗೆ ರಸ್ತೆ ಕಾಣುತ್ತಿರಲಿಲ್ಲ. ಸಂಜೀವಯ್ಯ ಮುಂದಿನ ಸೀಟಿನಲ್ಲಿ ಕುಳಿತು ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದ. ಕುಂದಾಪುರದಲ್ಲಿ ಇಳಿದು, ದೋಣಿಯಲ್ಲಿ ಹೊಳೆ ದಾಟಿ, ಗಂಗೊಳ್ಳಿ ಮುಟ್ಟಿದಾಗ ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು.

ಸಮುದ್ರವನ್ನು ಸಂಜೀವಯ್ಯ ನೋಡಿದ್ದು ಅದೇ ಮೊದಲು. ಕೆಂಪು ಹೊಳೆನೀರಿಗೂ ಬೂದು ಅಲೆಗಳಿಗೂ ಅಳಿವೆಯಲ್ಲಿ ತಳ್ಳಾಟ ನಡೆದಿತ್ತು.

ಮರುದಿನ ಬಂಡೆಯ ತುದಿಗೆ ಹೋಗಿ ನಿಂತಾಗ, ಹಿಂದಿನಿಂದ ಯಾರೋ ಕೂಗಿದರು. "ಹ್ವಾಯ್, ಆ ಕಲ್ಲಿನ್ ಮೇಲೆ ನಿಲ್ಬೇಡಿ. ಅಲೆ ಎಳ್ಕಂಡ್ ಹೋತ್."

ಕೂಗಿದವನು ಸುಬ್ಬ ಖಾರ್ವಿ. ಉಳಿದ ಕಾಲದಲ್ಲಿ ಕಡಲಿಗೆ ದೋಣಿ ಬಿಡುವ ಮುದುಕ, ಮಳೆಗಾಲದಲ್ಲಿ ಗಾಳ ಹಿಡಿದು ಕೂರುತ್ತಿದ್ದ. ಅವನು ಹೇಳಿ ಮುಗಿಸುವಷ್ಟರಲ್ಲಿ ಅಲೆ ಬಂತು. ಸಂಜೀವಯ್ಯ ಜಾರಿಬಿದ್ದು ಮೊಣಕಾಲು ತರಚಿಕೊಂಡ. ಕೋಲು ಮಾತ್ರ ಬಿಡಲಿಲ್ಲ. ಮುದುಕ ಅವನ ಸೊಟ್ಟ ಕೈ ನೋಡಿದ. ತನ್ನ ಪಕ್ಕದ ಅಗಲ ಬಂಡೆ ತೋರಿಸಿ, ಒಂದು ಹಿಡಿ ಸೀಗಡಿ ಕೊಟ್ಟ.

ಅವತ್ತು ಏನೂ ಬೀಳಲಿಲ್ಲ. ಮಾರನೆಯ ದಿನ ದೊಡ್ಡದೊಂದು ಬಿದ್ದು, ದಾರವನ್ನು ಬಂಡೆಯಂಚಿಗೆ ಉಜ್ಜಿ ಕತ್ತರಿಸಿಕೊಂಡು ಹೋಯಿತು. "ಸಾಕು ಭಾಯಿ, ವಾಪಸ್ ಹೋಗಾನ" ಎಂದ ಷರೀಫ್. ಸಂಜೀವಯ್ಯ ಕೊಡೆ ಅಂಗಡಿಯ ಮೂಲೆಯಲ್ಲಿ ಕುಳಿತು ಹಳೆಯ ದಾರದ ಮೇಲೆ ಹೊಸ ದಾರ ಹೊಸೆದ. ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿ, ಇನ್ನೊಂದನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಿಂದಲೇ ಹುರಿ ಮಾಡಿದ.

ಮುಂದಿನ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಸಂಜೀವಯ್ಯ ಎರಡು ಬಂಡೆಗಳ ನಡುವಿನ ಮಡುವಿಗೆ ಗಾಳ ಬೀಸಿದ. ದಾರ ಬಿಗಿಯಾಯಿತು, ಕೋಲು ಬಿಲ್ಲಿನಂತೆ ಬಾಗಿತು.

ಎಡಗೈಯೊಂದರಲ್ಲೇ ಕೋಲು ನಿಲ್ಲುವ ಹಾಗಿರಲಿಲ್ಲ. ನಿಂತರೂ ರಾಟೆ ತಿರುಗಿಸುವವರು ಯಾರು? ಅವನು ಕೋಲಿನ ಬುಡವನ್ನು ಸೊಂಟದ ಪಂಚೆಯ ಗಂಟಿಗೆ ಊರಿದ. ಸೊಟ್ಟ ಕೈಯನ್ನು ಅದರ ಮೇಲೆ ಅಡ್ಡ ಹಾಕಿ ಪಕ್ಕೆಗೆ ಅದುಮಿದ. ಹಿಡಿಯಲಾರದ ಆ ಕೈ ಅಗುಳಿಯಂತೆ ನಿಂತುಕೊಂಡಿತು. ಎಡಗೈ ರಾಟೆಗೆ ಹೋಯಿತು.

"ಕೊಡು ಇಲ್ಲಿ, ನಿನ್ ಕೈ ಮುರೀತದೆ" ಎಂದು ಷರೀಫ್ ಹತ್ತಿರ ಬಂದ.

"ಮುಟ್ಬ್ಯಾಡ" ಎಂದ ಸಂಜೀವಯ್ಯ. "ಬಿದ್ರೆ ನನ್ನ ಹಿಡ್ಕಾ, ಕೋಲು ಹಿಡೀಬ್ಯಾಡ."

ಷರೀಫ್ ಹಿಂದೆ ನಿಂತು ಅವನ ಸೊಂಟ ಹಿಡಿದುಕೊಂಡ. ಮೀನು ಬಂಡೆಯ ಸಂದಿಗೆ ನುಗ್ಗಿತು. ದಾರ ಮತ್ತೆ ಕಲ್ಲಿಗೆ ಉಜ್ಜತೊಡಗಿತು.

"ಎಳೀಬೇಡಿ, ಸಡ್ಲ ಬಿಡಿ. ಅದೇ ಹೊರ್ಗೆ ಬತ್ತ್" ಎಂದ ಸುಬ್ಬ ಖಾರ್ವಿ.

ಸಂಜೀವಯ್ಯ ದಾರ ಸಡಿಲಿಸಿ ಕಾದ. ಭರತದ ನೀರು ಏರುತ್ತ ಮೊಣಕಾಲು ಮುಟ್ಟಿತು. ಮುಂಗೈಯ ಹಳೆಯ ನೋವು ಭುಜದವರೆಗೂ ಹತ್ತಿತು. ಅವನು ಹಲ್ಲು ಕಚ್ಚಿ ನಿಂತ. ಕೊನೆಗೂ ಮೀನು ಸಂದಿಯಿಂದ ಹೊರಟು ತೆರೆದ ನೀರಿಗೆ ಬಂತು. ಆಗ ಸುತ್ತತೊಡಗಿದವನು ನಿಲ್ಲಿಸಲಿಲ್ಲ. ಅಲೆಯೊಂದು ಅದನ್ನು ಬಂಡೆಯ ಬುಡಕ್ಕೆ ತಂದಾಗ ಮುದುಕ ಇಳಿದು ಕಿವಿರಿಗೆ ಕೈ ಹಾಕಿ ಮೇಲೆತ್ತಿದ. ಕಾದ ತಾಮ್ರದ ಬಣ್ಣದ ಕೆಂಬೇರಿ. ಅದನ್ನು ತೊಡೆಯ ಮೇಲಿಟ್ಟುಕೊಂಡು ಸಂಜೀವಯ್ಯ ಬಂಡೆಯ ಮೇಲೆ ಕುಳಿತುಬಿಟ್ಟ. ಕಣ್ಣಲ್ಲಿ ನೀರಿತ್ತು. ಉಪ್ಪುನೀರು ಹಾರಿತು ಎಂದ.

ಮೀನು ಸುಬ್ಬ ಖಾರ್ವಿಯ ಮನೆಯಲ್ಲಿ ಸಾರಾಯಿತು. ಮದಲೂರಿಗೆ ತೋರಿಸಲು ಒಂದು ಮುಳ್ಳನ್ನೂ ತರಲಿಲ್ಲ. ಊರವರು ನಂಬಲಿಲ್ಲ, ಅವನು ನಂಬಿಸಲೂ ಹೋಗಲಿಲ್ಲ. ನೇರವಾಗಿ ಶಂಕರಲಿಂಗಪ್ಪನ ಮುಂದೆ ಹೋಗಿ ನಿಂತ.

"ಸ್ಟೇರಿಂಗಿಗೆ ಕೂರ್ತೀನಿ ಧಣಿ."

"ಹಿಡಿಯಾಕಾಯ್ತದೇನಯ್ಯ ಕೈಲಿ?"

"ಹಿಡಿಯಾಕಾಗಲ್ಲ. ಅದುಮಾಕಾಯ್ತದೆ. ಜನ ಹತ್ತಿಸ್ಬ್ಯಾಡಿ, ನೀವೊಬ್ರೇ ಬಂದು ನೋಡಿ."

ಖಾಲಿ ಮೋಟಾರು ಪಾವಗಡದ ರಸ್ತೆಗೆ ಇಳಿಯಿತು. ಸಂಜೀವಯ್ಯ ಸ್ಟೇರಿಂಗಿನ ಕಡ್ಡಿಗಳ ನಡುವೆ ಸೊಟ್ಟ ಕೈಯನ್ನು ಅದುಮಿ, ಎಡಗೈಯಲ್ಲಿ ಗೇರು ಬದಲಿಸಿದ. ಒಂದು ತಿರುವಿನಲ್ಲಿ ಮೋಟಾರು ರಸ್ತೆಯಂಚಿನ ಮಣ್ಣಿಗಿಳಿಯಿತು. ಅವನೇ ನಿಲ್ಲಿಸಿ, ಹಿಂದಕ್ಕೆ ತಂದು, ಅದೇ ತಿರುವನ್ನು ಮತ್ತೆ ತೆಗೆದುಕೊಂಡ. ಈ ಸಲ ಮಣ್ಣು ಮುಟ್ಟಲಿಲ್ಲ. ಶಂಕರಲಿಂಗಪ್ಪ ಪಾವಗಡದವರೆಗೂ ಕೂತು ನೋಡಿದ. ಇಳಿದ ಮೇಲೆ, "ಹ್ಯಾಂಡಲ್ ಮಾತ್ರ ಕ್ಲೀನರ್ ತಿರುಗಿಸ್ಲಿ" ಎಂದ.

ಆಮೇಲೆ ಯುದ್ಧ ಬಂದು ಪೆಟ್ರೋಲಿಲ್ಲದೆ ಮೋಟಾರುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಸ್ವಾತಂತ್ರ್ಯ ಬಂತು. ಸಂಜೀವಯ್ಯ ಆಗಲೂ ಅದೇ ರಸ್ತೆಯಲ್ಲಿ ಡ್ರೈವರ್. ರಜೆ ಸಿಕ್ಕಿದ ಮಳೆಗಾಲದಲ್ಲಿ ಗಂಗೊಳ್ಳಿಗೆ ಹೋಗುತ್ತಿದ್ದ. ಕೆಲವು ಸಲ ಬರಿಗೈಯಲ್ಲಿ ಬಂದದ್ದೂ ಉಂಟು. ಒಮ್ಮೆ ಹನುಮಕ್ಕನೂ ಜೊತೆಗೆ ಹೊರಟಳು. ಬಂಡೆಯ ಮೇಲೆ ಕೊಡೆ ಹಿಡಿದು ಕುಳಿತವಳು ಕಡಲನ್ನು ನೋಡೀ ನೋಡೀ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಇನ್ನೊಂದು ಕೋಲು ಐತಾ?" ಎಂದು ಕೇಳಿದಳು.