ಹಿಂದಿನ ಸೀಟಿನ ಎಡಗಡೆ

ಸಂತೋಷವಾದಾಗ ಕೂಡಲೇ ಹೇಳಿಕೊಳ್ಳಲು ಒಬ್ಬರು ಬೇಕು. ನನಗಿದ್ದ ಒಬ್ಬರು, ನಮ್ಮ ಮನೆಯವರು, ತೀರಿಕೊಂಡು ವರ್ಷದ ಮೇಲಾಯಿತು. ಮಗ ಸೊಸೆ ಒಳ್ಳೆಯವರೇ. ಆದರೆ ಬೆಳಗ್ಗೆ ರೋಣದ ಪೇಟೆಯಲ್ಲಿ ಅಂಗಡಿ ತೆರೆಯಲು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಬಂದವರಿಗೆ ಕಾಲು ಚಾಚಿದರೆ ಸಾಕಾಗಿರುತ್ತದೆ. ನಿನ್ನೆ ನಾನು ಹೊಟ್ಟೆಯಲ್ಲಿ ಹಿಡಿಸಲಾರದಷ್ಟು ಸಂತೋಷ ತುಂಬಿಕೊಂಡು ಮನೆಗೆ ಬಂದೆ. "ಊಟಾ ಮಾಡ್ತೀರೇನ್ರಿ ಅತ್ತಿ?" ಎಂದಳು ಸೊಸೆ. "ಹಸಿವಿಲ್ಲವ್ವಾ" ಎಂದೆ. ಮಾತು ಅಲ್ಲಿಗೇ ಮುಗಿಯಿತು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರೆಯಲು ಕುಳಿತರೆ ಒತ್ತಕ್ಷರ ತಪ್ಪುತ್ತವೆ. ತಪ್ಪಲಿ. ಹೇಳದೆ ಇರಲಾರೆ.

ನನ್ನ ಮಗಳ ಮಗಳು ನರಗುಂದದಲ್ಲಿ ಶಾಲೆಯ ಟೀಚರು. ಹಳೆಯದೊಂದು ದೊಡ್ಡ ಕಾರು ಕೊಂಡಿದ್ದಾಳೆ. ಮೊದಲಿನ ಮಾಲೀಕ ಅದರ ಸ್ಪ್ರಿಂಗು ಬದಲಿಸಿ ಇಡೀ ಕಾರನ್ನೇ ತಗ್ಗಿಸಿಟ್ಟಿದ್ದ. ರಸ್ತೆಯ ಉಬ್ಬು ಬಂದರೆ ಅಡ್ಡ ತಿರುಗಿಸಿ, ಒಂದೊಂದೇ ಗಾಲಿ ಹತ್ತಿಸಿ ಇಳಿಸಬೇಕು. ಬೆಳವಣಕಿಯ ಚಹಾದಂಗಡಿಯ ಮುಂದೆ ಹೀಗೆ ದಾಟುವಾಗ ಕಟ್ಟೆಯ ಮೇಲಿನವರು ನಕ್ಕದ್ದುಂಟು. "ಏನವ್ವಾ ಟೀಚರಮ್ಮ, ನಿನ್ನ ಕಾರು ನೆಲಾ ಮೂಸ್ಕೋತ ಹೊಂಟೈತಲ್ಲ, ಏನರ ಕಳಕೊಂಡೈತೇನು?" ಅವಳು ಗಾಜು ಇಳಿಸಿ, "ಹೌದ್ರಿ ಕಾಕಾ, ನಿಮ್ಮೂರ ರಸ್ತಾ ಹುಡಕಾಕತ್ತೈತ್ರಿ" ಎಂದಳು.

ನಮ್ಮ ಮನೆಯವರು ಇರುವಾಗ ಭಾನುವಾರವೆಂದರೆ ನಮಗೆ ಆ ಕಾರು. ಅವಳು ರೋಣಕ್ಕೆ ಬಂದು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೋಗುತ್ತಿದ್ದಳು. ಮುಂದಿನ ಸೀಟು ಬಾಣಲೆಯ ಹಾಗೆ ಗುಂಡಿಯಾಗಿದೆ, ಕುಳಿತರೆ ನಾನು ಏಳಲಾರೆ. ಅದಕ್ಕೆ ಇಬ್ಬರೂ ಹಿಂದೆಯೇ. ನಾನು ಎಡಗಡೆ, ಅವರು ಬಲಗಡೆ. ನರಗುಂದದ ಗುಡ್ಡ ಕಾಣುವಲ್ಲಿ ಕಾಲುವೆಯ ದಂಡೆಗೆ ನಿಲ್ಲಿಸಿ ಗಿರ್ಮಿಟ್ಟು ತಿನ್ನುವುದು, ನೀರು ನೋಡುವುದು, ತಿರುಗಿ ಬರುವುದು. ಅವರು ಹೋದ ಮೇಲೂ ಅವಳು ಭಾನುವಾರ ತಪ್ಪಿಸಲಿಲ್ಲ. ನಾನೂ ಎಡಗಡೆಯ ಜಾಗ ಬಿಡಲಿಲ್ಲ. ಏಳು ದಿನದಲ್ಲಿ ನಾನು ಯಾರೊಂದಿಗಾದರೂ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಅದೊಂದೇ ದಿನ.

ಯುಗಾದಿ ಮುಗಿದ ಮೇಲೆ ಅದೂ ನಿಂತಿತು. ಹಿಂದಿನ ಟಾಯರುಗಳ ಒಳಗಿನ ಅಂಚು ಸವೆದು ತಂತಿ ಕಾಣುತ್ತಿತ್ತಂತೆ. ಹೊರಗಿನಿಂದ ನೋಡಿದರೆ ಹೊಸದರಂತೆಯೇ ಇದ್ದವು. ಗಜೇಂದ್ರಗಡದ ಮೇಸ್ತ್ರಿಯೊಬ್ಬ ನೋಡಿ, ಕಾರು ತಗ್ಗಿಸಿದ್ದರಿಂದ ಹಿಂದಿನ ಗಾಲಿಗಳ ತಲೆ ಒಳಕ್ಕೆ ವಾಲಿದೆ, ಅದನ್ನು ಸರಿಮಾಡುವವರೆಗೆ ಹಿಂದೆ ಭಾರ ಹಾಕಬೇಡಿ ಎಂದನಂತೆ. ಭಾರ ಎಂದರೆ ನಾನು.

"ಸ್ವಲ್ಪ ಎತ್ತರಾ ಮಾಡಿಸಿಬಿಡವ್ವಾ" ಎಂದೆ ಫೋನಿನಲ್ಲಿ.

"ಎತ್ತರಾ ಮಾಡಿದ್ರ ಅದು ಎಲ್ಲಾರ ಕಾರಿನಂಗ ಆಗತೈತಿ ಆಯಿ. ತಗ್ಗ ಇರೂದನ ನಂಗ ಚಂದ."

ನಾನು ಫೋನು ಇಟ್ಟೆ. ಅವಳು ಬಸ್ಸಿನಲ್ಲಿ ಒಂದೆರಡು ಸಲ ಬಂದು ಹೋದಳು. ಆಮೇಲೆ ಶಾಲೆಯ ಕೆಲಸ, ಬಿಸಿಲು, ಏನೇನೋ. ಭಾನುವಾರ ಬಂದರೆ ನಾನು ರೂಢಿಯಂತೆ ಇಳಕಲ್ ಸೀರೆ ಉಟ್ಟು ಬಾಗಿಲ ಕಟ್ಟೆಗೆ ಕೂರುತ್ತಿದ್ದೆ. "ಎಲ್ಲಿಗೆ ಹೊಂಟೀರಿ?" ಎಂದು ಓಣಿಯವರು ಕೇಳಿದರೆ, "ಎಲ್ಲಿಗಿಲ್ರಿ, ಗಾಳಿಗೆ ಕುಂತೀನಿ" ಎನ್ನುತ್ತಿದ್ದೆ. ಬಿಸಿಲು ಕಟ್ಟೆಗೆ ಏರಿದ ಮೇಲೆ ಒಳಗೆ ಹೋಗಿ ಸೀರೆ ಬದಲಿಸುತ್ತಿದ್ದೆ. ಮುದುಕಿಗಿಂತ ಆ ತಗ್ಗು ಕಾರೇ ಅವಳಿಗೆ ಹೆಚ್ಚಾಯಿತು ಅನ್ನಿಸುತ್ತಿತ್ತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಮೊನ್ನೆ ಫೋನು ಬಂತು. "ಆಯಿ, ನಾಳಿ ಗಜೇಂದ್ರಗಡಕ್ಕ ಸಾಮಾನ ಆರಸಾಕ ಹೊಂಟೀನಿ. ನೀನೂ ಬರಬೇಕು."

"ನಂಗೇನ ತಿಳೀತೈತವ್ವಾ ಕಾರಿನ ಸಾಮಾನದ್ದು?"

"ತಿಳಿಯೂದ ಬ್ಯಾಡ, ಬಾ. ಆದ್ರ ಬಸ್ಸಿಗೆ ಬಾ. ಈಗರ ನಿನ್ನ ಹಿಂದ ಕುಂಡ್ರಸಾಕ ಬರೂದಿಲ್ಲ."

ಹೀಗಾಗಿ ಅವಳು ಕಾರಿನಲ್ಲಿ, ನಾನು ಬಸ್ಸಿನಲ್ಲಿ. ರೋಣ ದಾಟಿದ ಮೇಲೆ ಒಂದು ಉಬ್ಬಿನ ಹತ್ತಿರ ಅವಳ ಕಾರು ಅಡ್ಡ ತಿರುಗಿ ನಿಧಾನಕ್ಕೆ ಏರುತ್ತಿತ್ತು, ನಮ್ಮ ಬಸ್ಸು ಪಕ್ಕಕ್ಕೆ ಬಂತು. ಕಿಟಕಿಯಿಂದ ಕೆಳಗೆ ನೋಡಿದೆ. ಹಿಂದಿನ ಗಾಜಿನೊಳಗೆ ಖಾಲಿ ಸೀಟು ಕಂಡಿತು. ನನ್ನ ಜಾಗವೂ ಅವರ ಜಾಗವೂ ಒಂದೇ ಥರ ಖಾಲಿ ಇದ್ದವು. ಅವಳು ತಲೆಯೆತ್ತಿ ನೋಡಲಿಲ್ಲ. ಬಸ್ಸು ಮುಂದೆ ಹೋಯಿತು.

ಗ್ಯಾರೇಜಿನಲ್ಲಿ ಮೇಸ್ತ್ರಿ ಸಾಮಾನುಗಳನ್ನು ಒಂದು ಗೋಣಿತಾಟಿನ ಮೇಲೆ ಹರಡಿದ್ದ. "ಈ ಬೋಲ್ಟ್ ಅಗ್ಗದ್ದು. ಆದ್ರ ಭಾಳ ತಗ್ಗಿಸಿದ ಕಾರಿಗೆ ಸಾಲೂದಿಲ್ರಿ ಅಕ್ಕಾರ. ಗಾಲಿ ಒಂಚೂರ ಸರೀತೈತಿ, ಅಷ್ಟ." ಎರಡನೆಯದು ಗಾಲಿಯನ್ನು ಹಿಡಿದಿಡುವ ಕಬ್ಬಿಣದ ತೋಳು. ಅದರ ಉದ್ದ ಒಂದೇ, ಒಮ್ಮೆ ಹಾಕಿದರೆ ಮುಗಿಯಿತು. ಮೂರನೆಯದರ ನಡುವೆ ತಿರುಪಿತ್ತು, ಬೇಕಾದಷ್ಟು ಉದ್ದ ಗಿಡ್ಡ ಮಾಡಬಹುದು. ಅದರಲ್ಲಿಯೂ ಎರಡು ತರಹ. ಒಂದಕ್ಕೆ ತುದಿಯಲ್ಲಿ ಉಕ್ಕಿನ ಗುಂಡು, ಇನ್ನೊಂದಕ್ಕೆ ರಬ್ಬರಿನ ಬಳೆಯಂಥ ಬುಷ್.

"ಉಕ್ಕಿಂದು ಹಾಕ್ರಿ. ಗಾಲಿ ಅಲಗ್ಯಾಡೂದಿಲ್ಲ. ನಿಮ್ಮಂಥ ಕಾರಿನವರೆಲ್ಲಾ ಅದನ್ನ ಒಯ್ಯೂದು."

"ಅದು ಎತ್ತಿ ಹಾಕತೈತೇನ್ರಿ?"

"ಸ್ವಲ್ಪ ಹಾಕತೈತ್ರಿ. ಸದ್ದೂ ಬರತೈತಿ."

"ಹಂಗಾರ ಬ್ಯಾಡ. ರಬ್ಬರಿಂದ ಕೊಡ್ರಿ. ನಮ್ಮ ಆಯಿ ಸೊಂಟ ಮೊದಲ ಸರಿ ಇಲ್ಲ."

 ಏನೂ ಕೇಳಿಸದವಳಂತೆ ಗುಡ್ಡದ ಕಡೆ ನೋಡುತ್ತ ನಿಂತೆ.

ಹಿಂದೆ ಹೊಸ ಟಾಯರು ಹಾಕಿ, ತೋಳು ಜೋಡಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತು. ನೆಲದಲ್ಲಿ ತೋಡಿದ ಉದ್ದನೆಯ ಗುಂಡಿಯ ಮೇಲೆ ಕಾರು ನಿಲ್ಲಿಸಿ, ಗಾಲಿಗಳಿಗೆ ಅಳತೆಯ ಹಿಡಿಕೆ ಸಿಕ್ಕಿಸಿದರು. ಗೋಡೆಯ ಟಿವಿಯಂಥದರಲ್ಲಿ ಗಾಲಿ ಎಷ್ಟು ವಾಲಿದೆಯೆಂಬ ಅಂಕಿಗಳು ಮೂಡಿದವು. ಮೇಸ್ತ್ರಿ ಗುಂಡಿಗಿಳಿದು ತಿರುಪು ತಿರುವಿದ ಹಾಗೆ ಕೆಂಪಗಿದ್ದ ಅಂಕಿಗಳು ಹಸಿರಾದವು. "ಮುಗೀತ್ರಿ" ಎಂದು ಕೈ ಒರೆಸಿಕೊಂಡ.

"ಮುಗದಿಲ್ರಿ. ಈಗ ನಮ್ಮ ಆಯಿ ಹಿಂದ ಕುಂದ್ರತಾಳ. ಆಮ್ಯಾಗ ಅಳತಿ ಹಿಡೀರಿ."

"ಅಯ್ಯ, ಅದಕ್ಕ ಯಮ್ಮಾರಿಗ್ಯಾಕ ತ್ರಾಸು? ಒಂದ ಜೋಳದ ಚೀಲಾ ಇಟ್ರಾತು."

"ಚೀಲಾ ನಾ ಐತವಾರ ಐತವಾರ ತಿರಗಾಡಸಾಕ ಒಯ್ಯೂದಿಲ್ಲ."

"ಅಕ್ಕಾರ, ವಾರೆಲ್ಲಾ ನೀವ ಒಬ್ಬರ ಓಡಸ್ತೀರಿ. ಒಂದ ಐತವಾರದ ಸಲುವಾಗಿ..."

"ವಾರೆಲ್ಲಾ ಸಾಲಿಗೆ ನಡಕೊಂಡ ಹೊಕ್ಕೀನ್ರಿ. ಈ ಕಾರು ಮನಿ ಬಿಟ್ಟು ಹೊರಬೀಳೂದು ಐತವಾರ ಒಂದ. ಅದೂ ಆಯಿ ಸಲುವಾಗಿ."

ಇದನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ. ನಾನು ಎಡಗಡೆಯ ಬಾಗಿಲಿನಿಂದ ಹತ್ತಿ ನನ್ನ ಜಾಗದಲ್ಲಿ ಕುಳಿತೆ. ಗೋಡೆಯ ಮೇಲಿನ ಅಂಕಿಗಳು ಮತ್ತೆ ಕೆಂಪಾದವು.

"ನೋಡ್ರಿ, ಯಮ್ಮಾರು ಕುಂತ್ರು, ನನ್ನ ಕೆಲಸೆಲ್ಲಾ ಕೆಡಿಸಿದ್ರು!" ಎಂದು ಮೇಸ್ತ್ರಿ ನಗುತ್ತ ಮತ್ತೆ ಗುಂಡಿಗಿಳಿದ.

ನಮ್ಮ ಮನೆಯವರೂ ಹೀಗೇ ಅಣಕಿಸುತ್ತಿದ್ದರು. ಆಗ ನಮಗೆ ಚಕ್ಕಡಿ ಇತ್ತು. ನಾನು ಹಿಂದೆ ಕುಳಿತರೆ ಎತ್ತಿನ ಹೆಗಲಿನಿಂದ ನೊಗ ಮೇಲೇಳುತ್ತಿತ್ತು. "ಏ, ಹಿಂದ ಭಾರಾತು, ಮುಂದ ಸರಿ" ಎನ್ನುತ್ತಿದ್ದರು. ಸರಿದು ಸರಿದು ಅವರ ಬೆನ್ನಿಗೇ ಹತ್ತಿ ಕೂರುತ್ತಿದ್ದೆ. ಹಾಗೆ ಕೂರಲೆಂದೇ ಎಷ್ಟೋ ಸಲ ಬೇಕಂತ ಹಿಂದೆ ಹತ್ತಿದ್ದೇನೆ.

ಕಾಲಡಿಯಿಂದ ಮೇಸ್ತ್ರಿಯ ದನಿ ಬಂತು. "ಯಮ್ಮಾರ, ಬಲಗಡೆ ಯಾರರ ಕುಂದ್ರತಾರೇನ್ರಿ? ಹಂಗಿದ್ರ ಆ ಕಡೆ ಚೀಲಾ ಇಡ್ತೀನಿ, ಎರಡೂ ಸಮಾ ಹಿಡೀತೀನಿ."

ಮೊಮ್ಮಗಳು ನನ್ನ ಮುಖ ನೋಡಿದಳು.

"ಇಲ್ಲ ತಮ್ಮಾ, ಯಾರೂ ಕುಂದ್ರೂದಿಲ್ಲ" ಎಂದೆ. "ಖಾಲಿ ಇರಲಿ. ಖಾಲಿ ಇದ್ದಂಗನ ಅಳತಿ ಹಿಡಿ."

"ಹಂಗಾರ ಅಲಗ್ಯಾಡಬ್ಯಾಡ್ರಿ."

ಅಲಗಾಡಲಿಲ್ಲ. ಕೆಳಗೆ ತಿರುಪು ಕಿರುಗುಟ್ಟುತ್ತಿತ್ತು. ಬಲಗೈಯನ್ನು ಪಕ್ಕದ ಸೀಟಿನ ಮೇಲಿಡಬೇಕೆಂದು ಬಹಳ ಅನ್ನಿಸಿತು. ಆ ಕಡೆ ಅಷ್ಟು ಭಾರ ಬಿದ್ದರೂ ಲೆಕ್ಕ ತಪ್ಪೀತೆಂದು ಮಡಿಲಲ್ಲೇ ಇಟ್ಟುಕೊಂಡೆ. ಒಂದೊಂದೇ ಅಂಕಿ ಹಸಿರಾಯಿತು.

ತಿರುಗಿ ಬರುವಾಗ ಬಸ್ಸು ಬೇಕಾಗಲಿಲ್ಲ, ಹಿಂದಿನ ಸೀಟಿನಲ್ಲಿಯೇ ಬಂದೆ. ದಾರಿಯುದ್ದಕ್ಕೂ ಅವಳು ಶಾಲೆಯ ಹುಡುಗರ ಕಥೆ ಹೇಳಿದಳು, ನಾನು ಓಣಿಯ ಸುದ್ದಿ ಹೇಳಿದೆ. ರೋಣದ ಮನೆಯ ಮುಂದೆ ಇಳಿಸಿ, "ಮುಂದಿನ ಐತವಾರ ಲಗೂ ತಯಾರಾಗು ಆಯಿ" ಎಂದಳು.

"ನಾ ಯಾವಾಗ್ಲೂ ತಯಾರ ಇರ್ತೀನವ್ವಾ" ಎಂದೆ. ಕಟ್ಟೆಯ ಮೇಲೆ ಕೂರುತ್ತಿದ್ದುದನ್ನು ಹೇಳಲಿಲ್ಲ.

ನಾನು ಇಳಿದ ಕೂಡಲೇ ಕಾರಿನ ಹಿಂಭಾಗ ಒಂದು ಬೆರಳಿನಷ್ಟು ಮೇಲೆದ್ದಿತು. ಇಷ್ಟು ದಿನ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನರಗುಂದದ ದಾರಿ ಹಿಡಿದು ಅದು ಕಣ್ಮರೆಯಾಗುವವರೆಗೂ ಆ ಬೆರಳಿನಷ್ಟನ್ನೇ ನೋಡುತ್ತ ಅಂಗಳದಲ್ಲಿ ನಿಂತಿದ್ದೆ.