ಖಾಲಿ ಕೋನಿನ ಮೇಲೆ ಓಡಿದ ಬಸ್ಸು

ಆಗೆಲ್ಲ ಇಚಲಕರಂಜಿಯಲ್ಲಿ ದಿನಾಲೂ ಕರೆಂಟು ಹೋಗುತ್ತಿತ್ತು. ಮಾಲಕರು ಬೈಯುತ್ತಿದ್ದರು, ನನಗೆ ಮಾತ್ರ ಅದೇ ಹಬ್ಬ. ಗಡಹಿಂಗ್ಲಜ ಕಡೆಯ ನಮ್ಮೂರಲ್ಲಿ ಏಳನೇ ಇಯತ್ತೆಗೇ ಸಾಲಿ ಬಿಟ್ಟು, ಇಲ್ಲಿನ ಮಗ್ಗದ ಕಾರಖಾನೆಯಲ್ಲಿ ಲಾಳಿಯೊಳಗೆ ಕೂಡಿಸುವ ಕಂಡಿಕೆಗೆ ನೂಲು ಸುತ್ತಲು ಸೇರಿದ್ದೆ. ಕರೆಂಟು ಹೋದರೆ ಕಿವಿಗಡಚಿಕ್ಕುವ ಸದ್ದು ಒಮ್ಮೆಲೇ ನಿಲ್ಲುತ್ತಿತ್ತು. ಗಂಜಿ, ಎಣ್ಣೆಯ ವಾಸನೆಯ ನಡುವೆ ಎಲ್ಲರೂ ಖಾರ ಚುರುಮುರಿ ಭಡಂಗದ ಪುಡಿಕೆ ಬಿಚ್ಚಿ ಕೂಡುತ್ತಿದ್ದರು. ನಾನು ಕತೆ ಕಟ್ಟಿ ಹೇಳುತ್ತಿದ್ದೆ.

ಆ ಮಳೆಗಾಲದಲ್ಲೊಂದು ದಿನ, ಚಂದಗಡದ ಘಾಟಿನಲ್ಲಿ ನನ್ನ ಕತೆಯ ಬಸ್ಸಿನ ಬ್ರೇಕು ಹೋಗಿತ್ತು. ಮುಂದೆ ಕಂದಕ. ಅಷ್ಟರಲ್ಲೇ ಕರೆಂಟು ಬಂತು!

ಜೊತೆಗೆ ಕಂಡಿಕೆ ಸುತ್ತುತ್ತಿದ್ದ ತಾರಕ್ಕ ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದಳು: "ಏ ಹುಡುಗಾ, ಬಸ್ ಉಳೀತೋ ಬಿತ್ತೋ? ನಾಳೆತನಾ ತಡಿಯೂದ ಆಗೂದಿಲ್ಲ ನನಗ. ಬರದಾದ್ರೂ ಕೊಡ!"

ತುಟಿ ನೋಡಿಯೇ ಮಾತು ತಿಳಿಯುವುದು ಮಗ್ಗದವರ ರೂಢಿ. ಎದುರಿಗಿದ್ದ ನೇಕಾರ ಭರಮಾ ಕಾಕಾ ನಕ್ಕು ಒದರಿದ: "ಬಾಯಿಲೆ ಬಸ್ ಓಡಸೂದ ಬ್ಯಾರೆ. ಸಾಲಿ ಬಿಟ್ಟಾಂವ ಬರದದ್ದ ಯಾರ ಓದ್ತಾರೋ?"

ಮೈ ಉರಿಯಿತು. ನೂಲು ಸುತ್ತಿ ಬರುವ ದಪ್ಪ ಕಾಗದದ ಕೋನು ಒಂದು ಖಾಲಿ ಬಿದ್ದಿತ್ತು. ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲಿನಿಂದ ಅದರ ಮೇಲೇ ಬರೆದೆ. ಸಾಲು ಸುತ್ತುತ್ತ ಇಳಿಯಿತು. ಕೋನು ತುಂಬಿದರೂ ಬಸ್ಸು ನಿಂತಿರಲಿಲ್ಲ. ಅಂದಿನಿಂದ ದಿನಕ್ಕೊಂದು ಕೋನು ಬರೆಯದೆ ಮನೆಗೆ ಹೋಗಲಿಲ್ಲ. ತಾರಕ್ಕ ಓದಿ ಮುಂದಿನವರಿಗೆ ದಾಟಿಸುತ್ತಿದ್ದಳು. ಕಾಕಾ ಮಾತ್ರ ಮುಟ್ಟುತ್ತಿರಲಿಲ್ಲ. ಅವನೇ ಓದಬೇಕೆಂಬ ಹಟ ನನಗೆ.

ಕತೆ ಮುಗಿಸಿ ಕಡೆಯ ಕೋನು ತಾರಕ್ಕನಿಗೆ ಕೊಟ್ಟ ದಿನ, ಸದ್ದಿನಲ್ಲಿ ಏನೋ ಕಡಿಮೆ ಎನಿಸಿ ತಲೆಯೆತ್ತಿದೆ. ಕಾಕಾ ನಡೆಸುವ ಮಗ್ಗಗಳಲ್ಲೊಂದು ನಿಂತಿತ್ತು. ಲಾಳಿಯೊಳಗಿನ ನೂಲು ತೀರಿದರೆ ಮಗ್ಗ ತಾನೇ ನಿಲ್ಲುತ್ತದೆ. ಅದಕ್ಕೆ ಮೊದಲೇ ಹೊಸ ಕಂಡಿಕೆ ಹಾಕುವುದು ಕಾಕಾನ ಗರ್ವ. ಈಗ ಅವನ ಕೈಯಲ್ಲಿ ನಾನು ಬರೆದ ಕೋನು ತಿರುಗುತ್ತಿತ್ತು.

ತಾರಕ್ಕ ಅವನ ಭುಜ ತಟ್ಟಿದಳು. "ಕಾಕಾ, ಮಗ್ಗ ನಿಂತೈತ್ರೀ!"

"ನಿಲ್ಲಲಿ ತಡಿಯವಾ," ಕಣ್ಣು ಕೀಳದೆ ಅಂದ, "ಬಸ್ ಇನ್ನೂ ಹೊಂಟೈತಿ."

ಇಲ್ಲಿಯವರೆಗೆ ನಾಲ್ಕು ಪುಸ್ತಕ ಬರೆದು, ನಾನೇ ಅಚ್ಚು ಹಾಕಿಸಿದ್ದೇನೆ. ಈಗಲೂ ಬೆಳಿಗ್ಗೆ ಒಂದು ಕೋನಿನಷ್ಟು ಬರೆಯದೆ ಚಹಾ ಮುಟ್ಟುವುದಿಲ್ಲ. ಹೊಸ ಮಗ್ಗಗಳಿಗೆ ಲಾಳಿಯಿಲ್ಲ, ಕಂಡಿಕೆಯಿಲ್ಲ. ಕರೆಂಟು ಹೋಗುವುದು ಅಪರೂಪ, ಕೂತು ಕತೆ ಕೇಳುವವರೂ ಅಪರೂಪ. ಕಾಕಾನೂ ಇಲ್ಲ. ಆದರೆ ಪುಟ ಮುಗಿದಾಗೆಲ್ಲ ಕೇಳಿಕೊಳ್ಳುತ್ತೇನೆ: ಇದನ್ನು ಓದುತ್ತ ಕಾಕಾ ಮಗ್ಗ ಮರೆಯುತ್ತಿದ್ದನೇ? ಇಲ್ಲವೆನಿಸಿದರೆ ಹರಿದು, ಮತ್ತೆ ಬರೆಯುತ್ತೇನೆ.