ಕೋಟೆ ಗೋಡೆಗೆ ಕಿವಿಗೊಡುವ ದ್ಯಾವಯ್ಯ

ಸೂರ್ಯ ಇನ್ನೂ ಹುಟ್ಟಿಲ್ಲ. ಶ್ರೀರಂಗಪಟ್ಟಣದ ಕೋಟೆ ಗೋಡೆಯ ಪಕ್ಕದ ಹಾದಿಯಲ್ಲಿ ಏಳು ಸೀಟಿನ ಬಿಳಿ ಕಾರೊಂದು ನಡಿಗೆಯ ವೇಗದಲ್ಲಿ ತೆವಳುತ್ತಿದೆ. ಕಿಟಕಿಗಳೆಲ್ಲ ಇಳಿದಿವೆ. ಸ್ಟೇರಿಂಗ್ ಹಿಡಿದವನ ಪಕ್ಕದ ಸೀಟು ಖಾಲಿ ಇದ್ದಂತೆ ಕಾಣುತ್ತದೆ. ಆದರೆ ಕಾಲಿಡುವ ಜಾಗದಲ್ಲಿ ಒಬ್ಬರು ಮುದುರಿ ಕೂತು ಬಾಗಿಲಿಗೆ ಕಿವಿ ಹಚ್ಚಿದ್ದಾರೆ. ಆಗಾಗ ಕಿಟಕಿಯಿಂದ ಒಂದು ಕೈ ಮಾತ್ರ ಹೊರಬಂದು ‘ನಿಧಾನ’ ಎಂದು ಸನ್ನೆ ಮಾಡುತ್ತದೆ. ವಾಕಿಂಗ್ ಬಂದವರು ಮಂಜಿನಲ್ಲಿ ಈ ಕೈಯನ್ನು ಕಂಡು, ಆರೋಗ್ಯದ ಕಾರಣಕ್ಕೆ, ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಾರೆ.

ಕೈ ದ್ಯಾವಯ್ಯನವರದು. ವಯಸ್ಸು ಅರವತ್ತರ ಆಸುಪಾಸು, ಕಸುಬು ಬ್ರೇಕ್ ರಿಪೇರಿ. ಕೋಟೆಯ ಕಂದಕದ ಹತ್ತಿರ ಅವರದೊಂದು ತಗಡಿನ ಶೆಡ್ಡಿದೆ, ಬೋರ್ಡಿಲ್ಲ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದಲೂ ನರಳುವ ಗಾಡಿಗಳು ದಾರಿ ಕೇಳಿಕೊಂಡು ಬರುತ್ತವೆ. ದಿನಕ್ಕೆ ನಾಲ್ಕೈದು, ಮದುವೆ ಕಾಲದಲ್ಲಿ ಇನ್ನೊಂದೆರಡು ಹೆಚ್ಚು.

“ಬಯಲಲ್ಲಿ ಸದ್ದು ಚೆದ್ರೋಯ್ತದೆ. ಕಬ್ಬಿನ ಗದ್ದೆ ನಡ್ವೆ ಓದ್ರೆ ಕಬ್ಬೇ ನುಂಗ್ಬುಡ್ತದೆ” ಎನ್ನುತ್ತಾರೆ ದ್ಯಾವಯ್ಯ. “ಈ ಗೋಡೆ ಮಾತ್ರ ಒಂದ್ ಚೂರೂ ಇಟ್ಕೊಳಾಕಿಲ್ಲ. ಕೊಟ್ಟಿದ್ದ ಅಂಗೇ ವಾಪಸ್ ಕೊಡ್ತದೆ.”

ಈ ಹೊತ್ತು ಗೋಡೆ ಕೊಡುತ್ತಿರುವುದು ಒಂದು ಬಗೆಯ ಗೊರಗೊರ. ಕಲ್ಲಿನ ಒಳಗಡೆ ಯಾರೋ ಕೂತು ಬಿಡುವಿಲ್ಲದೆ ಏನನ್ನೋ ಬೀಸುತ್ತಿರುವಂತಿದೆ.

“ಬ್ರೇಕ್ ಒತ್ತು” ಎನ್ನುತ್ತಾರೆ ದ್ಯಾವಯ್ಯ ಕೆಳಗಿನಿಂದ. ಗೊರಗೊರ.

“ಬುಡು.” ಆಗಲೂ ಗೊರಗೊರ.

ಕಾರಿನ ಯಜಮಾನ, ಅರಕೆರೆಯ ನಾಗರಾಜು, ಸ್ಟೇರಿಂಗ್ ಬಿಡದೆ ಕೆಳಗೆ ಬಗ್ಗುತ್ತಾನೆ. “ಏನ್ ದ್ಯಾವಣ್ಣ, ಓದ್ ವಾರ ತಾನೆ ಇದೇ ಚಕ್ರಕ್ಕೆ ಒಸಾ ಪ್ಯಾಡ್ ಆಕ್ದೆ? ಸದ್ದು ನಿಂತೋಗಿತ್ತಲ್ಲ!”

ಹೋದ ವಾರದ ಸದ್ದು ಸರಳವಾಗಿತ್ತು: ಮುಂದಿನ ಎಡ ಚಕ್ರದ ಪ್ಯಾಡು ಸವೆದು, ಕಬ್ಬಿಣ ಕಬ್ಬಿಣಕ್ಕೆ ಉಜ್ಜುತ್ತಿತ್ತು. ಆ ಸದ್ದು ಬ್ರೇಕ್ ಒತ್ತಿದಾಗ ಮಾತ್ರ ಬರುತ್ತದೆ. ಇದು ಒತ್ತಿದರೂ ಬರುತ್ತದೆ, ಬಿಟ್ಟರೂ ಬರುತ್ತದೆ. ತನ್ನ ಕೈಯಾರೆ ಬಿಗಿ ಮಾಡಿದ್ದೇ ಸಡಿಲವಾಯಿತೇ ಎಂಬ ಅಳುಕು ದ್ಯಾವಯ್ಯನವರಿಗೆ ಶುರುವಾಗುತ್ತದೆ.

ಅಳುಕಿಗೆ ಕಾರಣ ಶೆಡ್ಡಿನ ಬೆಂಚಿನ ಮೇಲೆ ಕೂತಿದೆ. ನಾಗರಾಜುವಿನ ತಾಯಿ ಚಲುವಮ್ಮ, ಹೆಂಡತಿ ಸಹನ, ಅವಳ ಮಡಿಲಲ್ಲಿ ಮಗು ಚಿನ್ನು. ಮಗುವಿನ ಮುಡಿ ಕೊಡಲು ಎಲ್ಲರೂ ಮೇಲುಕೋಟೆಗೆ ಹೊರಟವರು. ಬೆಟ್ಟ ಹತ್ತುವಾಗ ಎಂಜಿನ್ನು ನೋಡಿಕೊಳ್ಳುತ್ತದೆ. ತಿರುವುಗಳಲ್ಲಿ ಇಳಿಯುವಾಗ ಇರುವುದು ಬ್ರೇಕೊಂದೇ.

ಇಳಿಜಾರೆಂದರೇನು ಎಂಬುದು ದ್ಯಾವಯ್ಯನವರಿಗೆ ಹದಿನಾರರಲ್ಲೇ ಗೊತ್ತಾಗಿದೆ. ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಲಾರಿಯಲ್ಲಿ ಕ್ಲೀನರ್ ಆಗಿದ್ದರು. ಲಾರಿಗೆ ಬ್ರೇಕ್ ಹೆಸರಿಗಷ್ಟೇ ಇತ್ತು. ಲಾರಿ ನಿಲ್ಲಬೇಕೆಂದಾಗ ಕ್ಲೀನರ್ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡಬೇಕು. ಒಮ್ಮೆ ಕಲ್ಲಿನ ಜೊತೆ ಎರಡು ಬೆರಳೂ ಹೋದವು. “ಲಾರಿ ಏನೋ ನಿಂತ್ಕತು” ಎನ್ನುತ್ತಾರೆ ದ್ಯಾವಯ್ಯ, ಬ್ರೇಕನ್ನು ಹೊಗಳುವ ದನಿಯಲ್ಲೇ. ಆಮೇಲೆ ಅವರು ಬೇರೆ ಯಾವ ರಿಪೇರಿಯನ್ನೂ ಕಲಿಯಲಿಲ್ಲ.

ಶೆಡ್ಡಿಗೆ ವಾಪಸಾಗಿ ಜಾಕಿ ಕೊಟ್ಟು ಚಕ್ರ ಬಿಚ್ಚುತ್ತಾರೆ. ಪ್ಯಾಡು ಇಟ್ಟಲ್ಲೇ ಇದೆ, ನಟ್ಟುಗಳು ಬಿಗಿಯಾಗಿವೆ. ಟಾರ್ಚು ಹಿಡಿದು ಹಿಂಬದಿಗೆ ತಲೆ ತೂರಿಸಿದವರು ಹಾಗೇ ನಿಂತುಬಿಡುತ್ತಾರೆ. ಬ್ರೇಕಿಗೆ ಆಯಿಲ್ ಒಯ್ಯುವ ರಬ್ಬರ್ ಪೈಪಿಗೆ ಏನೋ ಕಟ್ಟಿದೆ. ಬೆರಳುದ್ದದ ತಾಮ್ರದ ತಗಡು. ಮೇಲೆ ಮನೆ ಮನೆ ಗೆರೆ, ಗೆರೆಯೊಳಗೆ ಅಕ್ಷರ, ಅಕ್ಷರಕ್ಕೆ ಕುಂಕುಮ. ಬರೆಸಿ ತಂದ ಯಂತ್ರ. ತಗಡಿನ ಅಂಚು ಡಿಸ್ಕಿಗೆ ಉಜ್ಜಿ ಹೊಳೆಯುತ್ತಿದೆ. ಕಟ್ಟಿದ ಕಬ್ಬಿಣದ ತಂತಿ ರಬ್ಬರನ್ನು ಕಚ್ಚಿ ಅರ್ಧ ಒಳಗಿಳಿದಿದೆ. ಇಳಿಜಾರಿನಲ್ಲಿ ಜೋರಾಗಿ ನಾಲ್ಕು ಸಲ ಬ್ರೇಕ್ ಒತ್ತಿದ್ದರೆ ಪೈಪು ಸೀಳುತ್ತಿತ್ತು.

ಅವರು ತಲೆಯೆತ್ತುತ್ತಾರೆ. ನಾಗರಾಜು ಫೋನಿನಲ್ಲಿ ಪುರೋಹಿತರನ್ನು ಸಮಾಧಾನ ಮಾಡುತ್ತಿದ್ದಾನೆ. ಬೆಂಚಿನಿಂದ ಚಲುವಮ್ಮ ಮಾತ್ರ ಕಣ್ಣು ಮಿಟುಕಿಸದೆ ಇತ್ತಲೇ ನೋಡುತ್ತಿದ್ದಾರೆ.

“ನಾಗರಾಜು, ಮಗೀಗೆ ಆಲು ಬಿಸಿ ಮಾಡ್ಸ್ಕೊಂಡ್ ಬಾರಪ್ಪ, ಓಟ್ಲು ತೆಗ್ದಿರ್ತಾರೆ” ಎಂದು ಅವನನ್ನು ಸಾಗಹಾಕಿ, ದ್ಯಾವಯ್ಯ ಬೆಂಚಿನ ಹತ್ತಿರ ಬಂದು ಅಂಗೈ ತೆರೆಯುತ್ತಾರೆ. “ಯಾವಾಗ ಕಟ್ಟುದ್ರವ್ವ?”

ಸಹನ ತಗಡನ್ನೂ ಅತ್ತೆಯನ್ನೂ ನೋಡಿ ಮಗುವನ್ನು ಇನ್ನಷ್ಟು ಅಪ್ಪಿಕೊಳ್ಳುತ್ತಾಳೆ.

“ನಮ್ಮತ್ತೆ ದೊಡ್ಡತಾಯಮ್ಮ ಓಗಿ ವರ್ಷಾಯ್ತು ಕಣಣ್ಣ” ಎಂದು ಚಲುವಮ್ಮ ದನಿ ತಗ್ಗಿಸುತ್ತಾರೆ. “ಕೋಳಿ ಕೂಗೋಕೆ ಮುಂಚೆ ಎದ್ದು ರಾಗಿ ಬೀಸೋರು. ಅವ್ರ ಬೀಸೋಕಲ್ಲು ಇದ್ದ ಜಾಗ್ದಲ್ಲೇ ಈಗ ಕಾರ್ ನಿಲ್ಸೋದು. ಕಾರಿಂದ ಅದೇ ಸದ್ದು ಬರೋಕೆ ಸುರುವಾಯ್ತು. ನಾಗಮಂಗ್ಲದ ಕಡೆ ಒಬ್ರತ್ರ ಇದ ಬರುಸ್ಕೊಂಡ್ ಬಂದೆ.”

“ಸದ್ದು ನಾನು ನಿಲ್ಸಿದ್ನಲ್ಲವ್ವ? ಆಮೇಲ್ಯಾಕೆ ಕಟ್ಟುದ್ರಿ?”

“ಸದ್ದು ಇರೋಗಂಟ ಅತ್ತೆ ಕಾರ್ ತಾವ್ಲೇ ಅವ್ರೆ ಅಂತ ಗೊತ್ತಿತ್ತು. ನಿಂತ್ ಮ್ಯಾಲೆ ರಾತ್ರೆಲ್ಲ ನಿದ್ದೆ ಇಲ್ಲ. ಕಾರಿಂದ ಇಳ್ದು ಎಲ್ಲಿಗೋದ್ರು? ಮನೆ ಒಳಗೆ ಮಗು ಮಲ್ಗಿರ್ತದೆ. ಅದ್ಕೇ ಅತ್ತೆ ಕಾರ್ ತಾವ್ಲೇ ಇರ್ಲಿ ಅಂತ ಕಟ್ದೆ.”

ಬೆಳಗಿನ ಗಾಳಿಗೆ ಶೆಡ್ಡಿನ ತಗಡು ಒಮ್ಮೆ ಕಿರ್ರೆನ್ನುತ್ತದೆ. ಮೂವರೂ ಒಟ್ಟಿಗೆ ಮೇಲೆ ನೋಡುತ್ತಾರೆ. ಆಮೇಲೆ ನೋಡಿಯೇ ಇಲ್ಲವೆಂಬಂತೆ ಕೆಳಗೆ ನೋಡುತ್ತಾರೆ.

ದ್ಯಾವಯ್ಯ ನಗುವುದೂ ಇಲ್ಲ, ಬುದ್ಧಿ ಹೇಳುವುದೂ ಇಲ್ಲ. “ದೇವ್ರ ತಗಡು, ನೀವೇ ಮಡೀಕಳಿ. ತಂತಿ ಮಾತ್ರ ಕೊಡಾಕಿಲ್ಲ. ಚಕ್ರದ್ ತಾವ ಏನೂ ಕಟ್ಬ್ಯಾಡಿ ಕಣವ್ವ. ಈ ತಂತಿ ಇವತ್ತು ಮಗೀನೂ ಸೇರ್ಸಿ ನಿಮ್ಮೆಲ್ರುನೂ ಕಣಿವೆಗೆ ಇಳುಸ್ತಿತ್ತು.” ತಗಡು ಚಲುವಮ್ಮನ ಸೆರಗಿನ ಗಂಟು ಸೇರುತ್ತದೆ.

ನಾಗರಾಜು ಹಾಲು ಹಿಡಿದು ಬಂದಾಗ ಹೊಸ ಪೈಪು ಕೂತಿದೆ. “ಏನಾಗಿತ್ತಣ್ಣ?” ಎಂದರೆ “ತಂತಿ ಸಿಕ್ಕಾಕ್ಕೊಂಡಿತ್ತು” ಎಂಬಷ್ಟೇ ಉತ್ತರ. ಪೈಪಿನೊಳಗಿನ ಗಾಳಿ ತೆಗೆಯಲು ಅವನನ್ನೇ ಪೆಡಲ್ ಮೇಲೆ ಕೂರಿಸುತ್ತಾರೆ. “ಒತ್ತು, ಇಡ್ಕೊ, ಬುಡು. ಲೇ, ನಾನ್ ಯೋಳ್ದಾಗ ಬುಡ್ಲಾ, ನಿನ್ ಇಷ್ಟಕ್ಕಲ್ಲ!” ಆಮೇಲೆ ಗೋಡೆಯ ಪಕ್ಕ ಇನ್ನೊಂದು ಸುತ್ತು. ಗೋಡೆ ಏನನ್ನೂ ಕೊಡುವುದಿಲ್ಲ.

ಮಧ್ಯಾಹ್ನ ಶೆಡ್ಡಿನಲ್ಲಿ ಫೋನು ರಿಂಗಾಗುತ್ತದೆ. ಚಲುವಮ್ಮ. “ಅಣ್ಣ, ಮುಡಿ ಆಯ್ತು, ಬೆಟ್ಟ ಇಳೀತಾ ಇವ್ನಿ. ಎಡಗಡೆ ಕಿಟ್ಕಿಲಿ ಫೋನ್ ಇಡ್ದಿವ್ನಿ, ಕೇಳುಸ್ಕೊ.”

ದ್ಯಾವಯ್ಯ ಸ್ಪ್ಯಾನರ್ ಕೆಳಗಿಟ್ಟು ಕಣ್ಣು ಮುಚ್ಚುತ್ತಾರೆ. ಗಾಳಿ. ಬೋಳುತಲೆಯ ಮಗುವಿನ ಅಳು. ನಾಗರಾಜು ತಿರುವಿನಲ್ಲಿ ಹೊಡೆಯುವ ಹಾರನ್ನು. ಬ್ರೇಕು ಹಿಡಿದಾಗ ಗಾಳಿ ತಗ್ಗುತ್ತದೆ, ಬಿಟ್ಟಾಗ ಏರುತ್ತದೆ. ಅದರಡಿ ಬೇರೇನೂ ಇಲ್ಲ. ರಸ್ತೆ ಸಮತಟ್ಟಾಗುವವರೆಗೂ ಅವರು ಫೋನನ್ನು ಕಿವಿಯಿಂದ ತೆಗೆಯುವುದಿಲ್ಲ.

“ಏನಾರ ಕೇಳುಸ್ತಾ?”

“ಇಲ್ಲ ಕಣವ್ವ. ಏನೂ ಇಲ್ಲ.”

ಆ ಕಡೆಯಿಂದ, ಮಗನಿಗೆ ಕೇಳಿಸದಂತೆ: “ಅಂಗಾರೆ ಅತ್ತೆ ಓದ್ರಾ?”

ದ್ಯಾವಯ್ಯ ಯೋಚಿಸುತ್ತಾರೆ. ಗೊತ್ತಿಲ್ಲದ ಕೆಲಸಕ್ಕೆ ಗ್ಯಾರಂಟಿ ಕೊಟ್ಟು ಅವರಿಗೆ ಅಭ್ಯಾಸವಿಲ್ಲ.

“ಅವ್ರ ಇಸ್ಯ ನಂಗೆ ಗೊತ್ತಿಲ್ಲ ಕಣವ್ವ” ಎನ್ನುತ್ತಾರೆ. “ಸದ್ದಿಲ್ದೆ ಇರೋದು ಮಾತ್ರ ನಾನ್ ಮಾಡಿದ್ದು.”